ಪದಚರ್ಚೆ: ‘ಸೆಲ್ ಫೇಟ್’ಗೆ ಕನ್ನಡದಲ್ಲಿ ಏನು? ತುರ್ತು

ಗೆಳೆಯರೇ,
ನಾಳೆ ಬೆಳಿಗ್ಗೆ ಮಡಿಕೇರಿಯಲ್ಲಿ ಬ್ಯಾನರ್ ಪ್ರಿಂಟಿಗೆ ಕೊಡಬೇಕು. ಶಾಲೆಯ ವಿಜ್ಞಾನ ಮೇಳಕ್ಕೆ. ವಿಷಯ ಸಿ. ಎಲಿಗನ್ಸ್, ಒಂದು ಮಿಲಿಮೀಟರ್ ಉದ್ದದ ದುಂಡುಹುಳು. (ಜಂತುಹುಳು ಅಂದರೆ ಮಕ್ಕಳಿಗೆ ಹೊಟ್ಟೆಹುಳವೇ ನೆನಪಾಗುತ್ತದೆ.) ಅದು ಬೆಳೆಯುವಾಗ ಯಾವ ಕೋಶ ಏನಾಗಬೇಕು, ಎಲ್ಲಿಗೆ ಹೋಗಬೇಕು ಅನ್ನುವುದನ್ನು ಜೀನುಗಳು ಹೇಗೆ ತೀರ್ಮಾನಿಸುತ್ತವೆ ಅಂತ ಬರೆದಿದ್ದೇನೆ. ‘ಸೆಲ್ ಫೇಟ್’ಗೆ ‘ಕೋಶದ ಹಣೆಬರಹ’, ‘ಮೈಗ್ರೇಷನ್’ಗೆ ‘ವಲಸೆ’. ಸರಿನಾ?

ಸೋಮವಾರಪೇಟೆಯಿಂದ:
ಹಣೆಬರಹ ಬೇಡ. ‘ವಿಧಿ’ ಸಂಸ್ಕೃತ, ಅದೂ ಬೇಡ. ‘ಪಡು’ವಿನಿಂದ ಬಂದ ಅಚ್ಚಗನ್ನಡದ ‘ಪಾಡು’ ಇದೆಯಲ್ಲ. ‘ಕೋಶದ ಪಾಡು’ ಅನ್ನಿ. ‘ಜೀನ್’ ಕೂಡ ತೆಗೆಯಿರಿ. ಪೀಳಿಗೆಯಿಂದ ‘ಪೀಳಿ’ ಮಾಡಿಕೊಳ್ಳಬಹುದು.

ವಿರಾಜಪೇಟೆಯಿಂದ:
ಪಾಡು ಒಪ್ಪುವುದಿಲ್ಲ. ನಾಯಿಪಾಡು, ಹೊಟ್ಟೆಪಾಡು ಕೇಳಿ ಬೆಳೆದ ಕಿವಿ ನಮ್ಮದು. ಧಾತು ಯಾವುದು ಅಂತ ಬ್ಯಾನರ್ ಓದುವ ಮಗು ಕೇಳುವುದಿಲ್ಲ.

ಹಣೆಬರಹ ತಪ್ಪು, ಆದರೆ ಕಾರಣ ಬೇರೆ. ಹಣೆಬರಹ ಅಂದರೆ ಮೊದಲೇ ಬರೆದದ್ದು, ಅಳಿಸಲಾಗದ್ದು. ಈ ಹುಳದಲ್ಲಿ ಗರ್ಭಾಶಯ ಮೂಡುವ ಹೊತ್ತಿಗೆ ಎರಡು ಕೋಶ ಇರುತ್ತವೆ. ಯಾವುದು ಬೇಕಾದರೂ ‘ಲಂಗರು ಕೋಶ’ (ಗರ್ಭಾಶಯವನ್ನು ಮೊಟ್ಟೆ ಹೊರಬರುವ ದ್ವಾರಕ್ಕೆ ಜೋಡಿಸುವ ಕೋಶ) ಆಗಬಹುದು. ಒಂದು ಹಾಗಾದರೆ ಇನ್ನೊಂದು ಗರ್ಭಾಶಯದ ಪಾಲಿಗೆ ಹೋಗುತ್ತದೆ. ಲಿನ್-12 ಜೀನ್ ಕೆಟ್ಟರೆ ಎರಡೂ ಲಂಗರೇ! ಜೀನ್ ಸರಿಯಿದ್ದರೆ ಎರಡೂ ಒಂದಕ್ಕೊಂದು ಸುದ್ದಿ ಕಳಿಸಿಕೊಂಡು ತೀರ್ಮಾನ ಮಾಡುತ್ತವೆ. ಅದನ್ನು ಹಣೆಬರಹ ಅಂದರೆ ಮಕ್ಕಳಿಗೆ ಸುಳ್ಳು ಕಲಿಸಿದ ಹಾಗೆ ಅಲ್ವಾ?

‘ಗತಿ’ಯೂ ಆಗದು. ಅದಕ್ಕೆ ಹೋಗುವುದು ಅನ್ನುವ ಅರ್ಥವೂ ಇದೆ, ವಲಸೆಯ ಜೊತೆ ಕಲಸಿಹೋಗುತ್ತದೆ.

ವಲಸೆ ಸರಿ. ಈ ಹುಳದ ಕ್ಯೂ ಕೋಶಗಳನ್ನೇ ನೋಡಿ, ಮುಂದೆ ನರಕೋಶಗಳನ್ನು ಕೊಡುವಂಥವು, ಎಡಕ್ಕೊಂದು ಬಲಕ್ಕೊಂದು. ಎಡಗಡೆಯದು ಬಾಲದ ಕಡೆ ಹೊರಡುತ್ತದೆ, ಬಲಗಡೆಯದು ತಲೆಯ ಕಡೆ. ಎಡಗಡೆಯದರಲ್ಲಿ ಮ್ಯಾಬ್-5 ಜೀನ್ ಕೆಲಸ ಮಾಡದಿದ್ದರೆ ಅದರ ಮರಿಕೋಶಗಳೂ ತಲೆಯ ಕಡೆಗೇ ತಿರುಗುತ್ತವೆ. ಹೋದ ಜಾಗದಲ್ಲೇ ನೆಲೆ ನಿಲ್ಲುತ್ತವೆ. ಕಾಫಿ ಕುಯ್ಲು ಮುಗಿಸಿ ವಾಪಸ್ ಹೋಗುವವರಿಗೂ ನಾವು ಈ ಪದ ಹಾಕುತ್ತೇವೆ, ಆದರೂ ಇಲ್ಲಿ ಇದಕ್ಕಿಂತ ಒಳ್ಳೆಯದು ಸಿಗದು.

ಒಂದೇ ನಾಮಪದ ಬೇಕು ಅನ್ನುವ ಹಟ ಯಾಕೆ? ‘ಕೋಶ ಏನಾಗುತ್ತದೆ, ಎಲ್ಲಿಗೆ ಹೋಗುತ್ತದೆ’ ಅಂತಲೇ ಹಾಕಿ. ಕನ್ನಡದ ಜೀವ ಕ್ರಿಯಾಪದದಲ್ಲಿದೆ.

ಸೋಮವಾರಪೇಟೆಯಿಂದ:
ಜೀನ್ ಹಾಗೇ ಬಿಟ್ಟಿರಿ. ಹೀಗೆ ಒಂದೊಂದೇ ಬಿಟ್ಟು ಏನು ಉಳಿಯಿತು?

ವಿರಾಜಪೇಟೆಯಿಂದ:
ಲಂಗರು ಪಾರಸಿಯಿಂದ ಬಂದದ್ದು. ಅದನ್ನು ತೆಗೆಯಿರಿ ಅಂತ ನೀವು ಹೇಳಲಿಲ್ಲ.

ಮಡಿಕೇರಿಯಿಂದ:
ಇಬ್ಬರಿಗೂ ವಂದನೆ. ಹಣೆಬರಹ ತೆಗೆದೆ. ಜೀನ್, ಲಂಗರು, ವಲಸೆ ಮೂರೂ ಬ್ಯಾನರಿನಲ್ಲಿವೆ.