ಸರ್ವರ್‌ನಿಂದ ಬಿಲ್ ಪ್ರಿಂಟ್ ಮಾಡಲು ಕಮ್ಮಿ ಖರ್ಚಿನ ಫಾರ್ಮ್ ಡಿಸೈನ್ ಸಾಫ್ಟ್‌ವೇರ್ ಇದೆಯಾ?

ಪೈಪಂಗಡಿ ಲೆಕ್ಕ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಪಂಪ್‌ಸೆಟ್, ಪಿವಿಸಿ ಪೈಪ್ ಹೋಲ್‌ಸೇಲ್ ಅಂಗಡಿಯಲ್ಲಿ 14 ವರ್ಷದಿಂದ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಬಿಲ್ಲಿಂಗ್ ಪ್ರೋಗ್ರಾಂ ಹಳೆಯದು, ಉಬುಂಟು ಸರ್ವರ್ ಮೇಲೆ ಓಡುತ್ತದೆ. ಬರೆದುಕೊಟ್ಟವರು ಈಗ ಈ ಕೆಲಸದಲ್ಲಿಲ್ಲ. ಅದು ಕೊಡೋದು ಬರೀ ಟೆಕ್ಸ್ಟ್ ಫೈಲ್: 80 ಕಾಲಂ, 72 ಸಾಲು. ಇಷ್ಟು ದಿನ ಪ್ರೆಸ್‌ನಲ್ಲಿ ಅಚ್ಚು ಹಾಕಿಸಿದ 10x12 ಇಂಚಿನ ಕಂಟಿನ್ಯೂಯಸ್ ಪೇಪರ್, ಕಾರ್ಬನ್, ಡಾಟ್ ಮ್ಯಾಟ್ರಿಕ್ಸ್. ಚೆನ್ನಾಗಿಯೇ ನಡೆಯುತ್ತಿತ್ತು.

2023ರ ಆಗಸ್ಟ್ 1ರಿಂದ ವಹಿವಾಟು 5 ಕೋಟಿ ದಾಟಿದವರಿಗೂ ಇ-ಇನ್‌ವಾಯ್ಸ್ (ಬಿಲ್ಲನ್ನು ಸರ್ಕಾರದ ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಂದಾಯಿಸಿ ಕ್ಯೂಆರ್ ಪಡೆಯುವುದು) ಬಂತಲ್ಲ, ಅಲ್ಲಿಂದ ತೊಂದರೆ ಶುರು. ಕ್ಯೂಆರ್ ಕೋಡ್ ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಕಲಸಿಹೋಗುತ್ತದೆ, ಮೊಬೈಲ್ ಓದುವುದೇ ಇಲ್ಲ. ಅದನ್ನು ಬೇರೆ ಹಾಳೆಯಲ್ಲಿ ತೆಗೆದು ಬಿಲ್ಲಿಗೆ ಪಿನ್ ಹೊಡೆಯುತ್ತಿದ್ದೇವೆ. ಎರಡು ಸಲ ಲಾರಿಯಲ್ಲಿ ಆ ಹಾಳೆ ಕಿತ್ತುಹೋಗಿ, ಡ್ರೈವರ್ ರಾತ್ರಿ 11ಕ್ಕೆ ದಾರಿ ಮಧ್ಯದಿಂದ ಫೋನ್ ಮಾಡಿದ್ದಾನೆ. ಪಾಪ, ಅವನ ತಪ್ಪೇನಿದೆ?

ಈಗ ಲೇಸರ್ ಪ್ರಿಂಟರ್ ತಂದಿದ್ದೇವೆ. ಖಾಲಿ ಎ4 ಹಾಳೆ ಮೇಲೆ ಲೋಗೋ, ಗೆರೆ, ಕನ್ನಡದ ಷರತ್ತು, ಕ್ಯೂಆರ್ ಎಲ್ಲವೂ ಸರ್ವರ್‌ನಿಂದಲೇ ಬರಬೇಕು. ಒಂದು ಕಂಪನಿಯವರು ವರ್ಷಕ್ಕೆ ₹90,000 ಕೇಳಿದರು. ದಿನಕ್ಕೆ ನೂರು ಬಿಲ್ ಹಾಕುವ ಅಂಗಡಿಗೆ ಅದು ಜಾಸ್ತಿ ಆಯಿತು. ಸಾಹುಕಾರರು ಒಂದು ಸಲಕ್ಕೆ 15 ಸಾವಿರದವರೆಗೆ ಒಪ್ಪಿದ್ದಾರೆ. ದಾರಿ ಹೇಳಿ.

ತುಮಕೂರು ಲಿನಕ್ಸ್

ಸರ್, ದುಡ್ಡು ಕೊಡುವ ಅಗತ್ಯವೇ ಇಲ್ಲ. ಲಿಬ್ರೆಆಫೀಸ್ ಡ್ರಾ ಅಥವಾ ಸ್ಕ್ರೈಬಸ್ ಎಂಬ ಪುಟ ವಿನ್ಯಾಸದ ಪ್ರೋಗ್ರಾಂನಲ್ಲಿ ಖಾಲಿ ಫಾರ್ಮ್ ಬರೆದು ಪಿಡಿಎಫ್ ಮಾಡಿ. ನಿಮ್ಮ ಟೆಕ್ಸ್ಟ್ ಫೈಲನ್ನು ಪ್ಯಾಪ್ಸ್ ಎಂಬ ಟೂಲ್‌ಗೆ ಕೊಟ್ಟು ಅದನ್ನೂ ಪಿಡಿಎಫ್ ಮಾಡಿ. ಆಮೇಲೆ ಪಿಡಿಎಫ್‌ಗಳನ್ನು ಜೋಡಿಸುವ ಕ್ಯೂಪಿಡಿಎಫ್ ಟೂಲ್‌ನ ಅಂಡರ್‌ಲೇ ಆಯ್ಕೆ ಬಳಸಿದರೆ ಫಾರ್ಮ್ ಕೆಳಗೆ, ಬಿಲ್ ಮೇಲೆ ಕೂರುತ್ತದೆ. ರಿಪೀಟ್ ಕೊಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಎರಡನೇ ಪುಟಕ್ಕೆ ಫಾರ್ಮ್ ಬರುವುದಿಲ್ಲ. ಕೊನೆಗೆ ಲಿನಕ್ಸ್‌ನ ಪ್ರಿಂಟ್ ವ್ಯವಸ್ಥೆಯಾದ ಕಪ್ಸ್ ಮೂಲಕ ಪ್ರಿಂಟರ್‌ಗೆ ಕಳಿಸಿ. ಎಲ್ಲವೂ ಉಚಿತ.

ನೀವು ಖಂಡಿತ ಎಡವುವ ಜಾಗ ಒಂದಿದೆ. ನಿಮ್ಮ ಹಳೇ ಪೇಪರ್ 12 ಇಂಚು. ಇಂಚಿಗೆ 6 ಸಾಲಿನಂತೆ 72 ಸಾಲು ಸರಿಯಾಗಿ ಕೂರುತ್ತಿತ್ತು. ಎ4 ಉದ್ದ 11.69 ಇಂಚು ಮಾತ್ರ, 70 ಸಾಲು. ಲೇಸರ್ ಅಂಚಿಗೆ ಇನ್ನಷ್ಟು ಹೋಗುತ್ತದೆ. ಒಟ್ಟು ಮೊತ್ತ ಮುಂದಿನ ಪುಟಕ್ಕೆ ಜಾರುತ್ತದೆ. ಪ್ಯಾಪ್ಸ್‌ನಲ್ಲಿ ಇಂಚಿಗೆ 6.5 ಸಾಲು, 12 ಅಕ್ಷರ ಅಂತ ಕೊಡಿ. ಅಕ್ಷರ 10ರಲ್ಲೇ ಬಿಟ್ಟರೆ 80 ಕಾಲಂಗೆ 8 ಇಂಚು ಬೇಕಾಗಿ ಅಗಲವೂ ಸಾಲದು.

ಡಿಟಿಪಿ ಅಕ್ಕ, ಹುಬ್ಬಳ್ಳಿ

ಕನ್ನಡದ ಷರತ್ತು ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾ ನೋಡಿ. ಹಾಗಿದ್ದರೆ ಆ ಫಾಂಟ್ ಇಲ್ಲದ ಸರ್ವರ್‌ನಲ್ಲಿ ಅಸಂಬದ್ಧ ಅಕ್ಷರ ಬರುತ್ತವೆ. ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತ) ಬದಲಿಸಿ, ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿ. ಷರತ್ತು ಬದಲಾಗುವುದಿಲ್ಲ ಅಲ್ವಾ? ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಪ್ರೋಗ್ರಾಂನಲ್ಲಿ ಅಕ್ಷರಗಳನ್ನು ಪಾತ್ (ಗೆರೆಚಿತ್ರ) ಮಾಡಿಬಿಡಿ, ಒತ್ತಕ್ಷರ ಒಡೆಯುವ ಭಯವೇ ಇರುವುದಿಲ್ಲ.

ಮುಂದೆ ಗಿರಾಕಿ ಹೆಸರೂ ಕನ್ನಡದಲ್ಲಿ ಬೇಕಾದರೆ ವೀಸಿಪ್ರಿಂಟ್ ನೋಡಿ. ವೆಬ್ ಪುಟ ಬರೆಯುವ ಎಚ್‌ಟಿಎಂಎಲ್‌ನಲ್ಲಿ ಫಾರ್ಮ್ ಬರೆಯುವುದು, ಅದು ಪಿಡಿಎಫ್ ಮಾಡುತ್ತದೆ. ಒಳಗೆ ಅಕ್ಷರ ಜೋಡಿಸುವ ಪ್ಯಾಂಗೋ ಇರುವುದರಿಂದ "ಸ್ತ್ರೀ", "ಕ್ಷ್ಮಿ" ಎಲ್ಲ ಸರಿಯಾಗಿ ಕೂಡುತ್ತವೆ.

ತುಮಕೂರು ಲಿನಕ್ಸ್

ಅಕ್ಕ ಹೇಳಿದ್ದು ಸರಿ. ಕ್ಯೂಆರ್ ವಿಷಯ ಬಿಟ್ಟಿದ್ದೆ. ಪೋರ್ಟಲ್ ಕೊಡುವ ಸಹಿ ಮಾಡಿದ ಡೇಟಾ ತುಂಬಾ ಉದ್ದ, ಅದಕ್ಕೇ ಚುಕ್ಕಿಗಳು ಅಷ್ಟು ಸಣ್ಣ. ಕ್ಯೂಆರ್‌ಎನ್‌ಕೋಡ್ ಟೂಲ್‌ನಲ್ಲಿ ಚಿತ್ರ ಮಾಡಿ ಇನ್ನೊಂದು ಪದರವಾಗಿ ಹಾಕಿ. 2 ಇಂಚಿಗಿಂತ ಕುಗ್ಗಿಸಬೇಡಿ.

ಪೈಪಂಗಡಿ ಲೆಕ್ಕ, ದಾವಣಗೆರೆ

ನಿಮ್ಮಿಬ್ಬರಿಗೂ ಮನಸಾರೆ ಧನ್ಯವಾದ. ಭಾನುವಾರ ಅಂಗಡಿಯಲ್ಲಿ ಕೂತು ಮಾಡಿದೆ. ಮೊದಲು 6 ಸಾಲಿನಲ್ಲೇ ನೋಡಿದೆ, ಒಟ್ಟು ಮೊತ್ತ ನಿಜವಾಗಿಯೂ ಎರಡನೇ ಹಾಳೆಗೆ ಹೋಯಿತು. 6.5 ಹಾಕಿದ ಮೇಲೆ ಕೊನೆಯ ಸಾಲು ಸಹಿ ಜಾಗದ ಮೇಲೆ ಸರಿಯಾಗಿ ನಿಂತಿತು. ಷರತ್ತು ನುಡಿಯಲ್ಲೇ ಇತ್ತು, ಕೂತು ಹೊಸದಾಗಿ ಟೈಪ್ ಮಾಡಿದೆ. ಕಾರ್ಬನ್ ಇಲ್ಲವಾದ್ದರಿಂದ ಮೂರು ಫಾರ್ಮ್ ಮಾಡಿದ್ದೇನೆ: ಖರೀದಿದಾರರಿಗೆ, ಸಾಗಣೆದಾರರಿಗೆ, ನಮಗೆ. ಒಂದೇ ಬಿಲ್ ಮೂರರ ಮೇಲೂ ಕೂತು ಒಟ್ಟಿಗೆ ಬರುತ್ತದೆ. ಕ್ಯೂಆರ್ ಅನ್ನು ಮೂರು ಮೊಬೈಲ್‌ನಲ್ಲಿ ನೋಡಿದೆ, ಮೂರೂ ಓದಿದವು.

ಅಚ್ಚು ಹಾಕಿಸಿದ ಪೇಪರ್ ಇನ್ನೂ ಎರಡು ಬಾಕ್ಸ್ ಇದೆ. ರೈತರ ಕೌಂಟರ್ ಬಿಲ್ಲಿಗೆ ಇ-ಇನ್‌ವಾಯ್ಸ್ ಬೇಡವಲ್ಲ, ಅದು ಮುಗಿಯುವವರೆಗೆ ಹಳೇ ಪ್ರಿಂಟರ್ ಕೌಂಟರಿನಲ್ಲಿ ಇರಲಿ ಅಂದಿದ್ದಾರೆ ಸಾಹುಕಾರರು.