ಪಿಎಚ್‌ಡಿ ಆದ ಮೇಲೆ ಪಾಠ ಮಾಡೋಕೆ ಇನ್ನೊಂದು ಸರ್ಟಿಫಿಕೇಟ್: ಇಂಗ್ಲೆಂಡಿನಲ್ಲಿ ಪಿಜಿಸರ್ಟ್ ಮಾಡಿದವರು ಇದ್ದೀರಾ?

ಅಂಕಿಅಂಶದ ಅಕ್ಕ:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಇಂಗ್ಲೆಂಡಿನ ಒಂದು ಯೂನಿವರ್ಸಿಟಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಲೆಕ್ಚರರ್ ಆಗಿ ಸೇರಿ ಇನ್ನೂ ವರ್ಷ ತುಂಬಿಲ್ಲ. ಪ್ರೊಬೇಶನ್ ಮುಗಿಯಬೇಕಾದರೆ ಹೈಯರ್ ಎಜುಕೇಶನ್ ಟೀಚಿಂಗ್‌ನಲ್ಲಿ ಪಿಜಿಸರ್ಟ್ (ಪೋಸ್ಟ್‌ಗ್ರಾಜುಯೇಟ್ ಸರ್ಟಿಫಿಕೇಟ್) ಮಾಡಲೇಬೇಕು ಅಂತ ಆಫರ್ ಲೆಟರ್‌ನಲ್ಲೇ ಇತ್ತು. 60 ಕ್ರೆಡಿಟ್, ಫೀಸು ಅವರದೇ. ಊರಿಗೆ ಫೋನ್ ಮಾಡಿ ಹೇಳಿದರೆ ಅಮ್ಮ, “ಪಿಎಚ್‌ಡಿ ಮುಗಿಸಿ ಈಗ ಬಿ.ಎಡ್ ಮಾಡ್ತೀಯೇನೇ?” ಅಂದರು.

ಪಾಠ ಮಾಡೋದು ನನಗೆ ಇಷ್ಟ. ಸೈಕಾಲಜಿ ಮೊದಲ ವರ್ಷದ ದೊಡ್ಡ ಕ್ಲಾಸು, ಅರ್ಧ ಜನಕ್ಕೆ ಲೆಕ್ಕ ಅಂದರೆ ಭಯ, ಆದರೂ ನಡೆಯುತ್ತಿದೆ. ತಲೆ ಕೆಡುತ್ತಿರುವುದು ‘ರಿಫ್ಲೆಕ್ಟಿವ್ ಅಕೌಂಟ್’, ಅಂದರೆ ನಮ್ಮ ಪಾಠದ ಬಗ್ಗೆ ನಾವೇ ಹಿಂತಿರುಗಿ ಯೋಚಿಸಿದ್ದನ್ನು ಬರೆಯೋದರಲ್ಲಿ. ಟಿ-ಟೆಸ್ಟ್ (ಸರಾಸರಿಗಳನ್ನು ಹೋಲಿಸುವ ಪರೀಕ್ಷೆ) ಪಾಠ ಮಾಡಿದೆ, ಉದಾಹರಣೆ ಕೊಟ್ಟೆ, ವಿದ್ಯಾರ್ಥಿಗಳು ಆಸಕ್ತಿಯಿಂದ ಕೇಳಿದರು ಅಂತ ಬರೆದುಕೊಟ್ಟರೆ ಟ್ಯೂಟರ್ ಪಕ್ಕದಲ್ಲಿ, “ಸರಿ, ಅದರಿಂದ ಏನಾಯಿತು?” ಅಂತ ಬರೆದು ವಾಪಸ್ ಕಳಿಸಿದ್ದಾರೆ. ಬೇಕಾಗಿರುವುದು ಏನು? ನನ್ನನ್ನೇ ಬೈದುಕೊಳ್ಳಬೇಕಾ, ಹೊಗಳಿಕೊಳ್ಳಬೇಕಾ?

ಇನ್ನೊಂದು ಪ್ರಶ್ನೆ. ಮುಂದೆ ಕರ್ನಾಟಕಕ್ಕೆ ವಾಪಸ್ ಬಂದರೆ ಇದಕ್ಕೆ ಏನಾದರೂ ಬೆಲೆ ಇದೆಯಾ?

ಮಳೆಗಾಲ:

ಮೊದಲು ಟೈಮ್ ಲೆಕ್ಕ ಹಾಕಿಕೊಳ್ಳಿ ಮೇಡಂ. ಇಲ್ಲಿ ಒಂದು ಕ್ರೆಡಿಟ್ ಅಂದರೆ 10 ಗಂಟೆ ಕೆಲಸ. 60 ಕ್ರೆಡಿಟ್‌ಗೆ 600 ಗಂಟೆ. ನೀವು ಮಾಡುವ ಪಾಠ, ಅದರ ತಯಾರಿಯಲ್ಲೂ ಒಂದಷ್ಟು ಭಾಗ ಅದರೊಳಗೇ ಸೇರಬಹುದು, ನಿಮ್ಮ ಕೋರ್ಸಿನಲ್ಲಿ ಹೇಗೆ ಅಂತ ಕೇಳಿ. ಎಷ್ಟು ಗಂಟೆ ವರ್ಕ್‌ಲೋಡ್‌ನಲ್ಲಿ ಬಿಟ್ಟುಕೊಡುತ್ತಾರೆ ಅನ್ನೋದನ್ನು ಹೆಡ್ ಹತ್ತಿರ ಈಮೇಲ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಬೇಡ. ಹಾಂ, ಪಿಜಿಸಿಇ ಅಂತ ಇನ್ನೊಂದು ಇದೆ, ಅದು ಸ್ಕೂಲ್ ಟೀಚರ್‌ಗಳದು. ಅಮ್ಮ ಹೇಳಿದ ಬಿ.ಎಡ್‌ಗೆ ಹತ್ತಿರ ಬರೋದು ಅದು.

ಬಯಲುಸೀಮೆ ಮೇಷ್ಟ್ರು:

ನಾನು ಇಲ್ಲಿ ಪಬ್ಲಿಕ್ ಹೆಲ್ತ್‌ನವರಿಗೆ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುತ್ತೇನೆ. ಪಿಜಿಸರ್ಟ್ ಮುಗಿಸಿ ಕೆಲವು ವರ್ಷ ಆಯಿತು. ಬೈದುಕೊಳ್ಳೋದೂ ಬೇಡ, ಹೊಗಳಿಕೊಳ್ಳೋದೂ ಬೇಡ. ಇಡೀ ಕ್ಲಾಸಿನ ವರದಿಯೂ ಬೇಡ. ಎರಡು ನಿಮಿಷದ ಒಂದು ಘಟನೆ ಹಿಡಿದುಕೊಳ್ಳಿ ಸಾಕು.

ನಾನು ಬರೆದದ್ದು ಹೇಳುತ್ತೇನೆ. ಕಾನ್ಫಿಡೆನ್ಸ್ ಇಂಟರ್ವಲ್ ಪಾಠ, ಅಂದರೆ ಸ್ಯಾಂಪಲ್ ನೋಡಿ ನಿಜವಾದ ಸರಾಸರಿ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅಂತ ಅಂದಾಜು ಮಾಡೋದು. “ಅರ್ಥ ಆಯಿತಾ?” ಅಂತ ಕೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ, ದಾವಣಗೆರೆಯಲ್ಲೂ ಅಷ್ಟೇ, ಇಲ್ಲೂ ಅಷ್ಟೇ. ಅದಕ್ಕೆ ಎಲ್ಲರ ಕೈಗೂ ಬಣ್ಣದ ಕಾರ್ಡ್ ಕೊಟ್ಟು ಒಂದು ಪ್ರಶ್ನೆ ಹಾಕಿದೆ. ಸರಾಸರಿ ಬಿಪಿಗೆ 95 ಪರ್ಸೆಂಟ್ ಇಂಟರ್ವಲ್ 128ರಿಂದ 134 ಅಂತ ಬಂದಿದೆ, ಹಾಗಾದರೆ ನೂರರಲ್ಲಿ 95 ಜನರ ಬಿಪಿ ಇದರೊಳಗೆ ಇರುತ್ತಾ? ಹೌದು ಅಂದರೆ ಹಸಿರು, ಇಲ್ಲ ಅಂದರೆ ಕೆಂಪು. ಬಹಳಷ್ಟು ಹಸಿರೇ ಎದ್ದವು! ಡೆಫಿನಿಶನ್ ಇನ್ನೂ ಸ್ಲೈಡ್ ಮೇಲೇ ಇತ್ತು ನೋಡಿ.

ನಾನು ಉತ್ತರ ಹೇಳಲಿಲ್ಲ. ಪಕ್ಕದವರ ಜೊತೆ ಮಾತಾಡಿ ಅಂದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ತನ್ನ ಗೆಳತಿಗೆ ಹೇಳುತ್ತಿದ್ದಳು: “ಇನ್ನೂ ಜಾಸ್ತಿ ಜನರನ್ನು ಅಳೆದರೆ ಈ ಅಂತರ ಕಿರಿದಾಗುತ್ತೆ ಅಲ್ವಾ? ಜನರ ಬಿಪಿ ಅಂತೂ ಅದಕ್ಕೋಸ್ಕರ ಒಟ್ಟಿಗೆ ಬರಲ್ಲ. ಅಂದ್ರೆ ಇದು ಜನರ ಬಗ್ಗೆ ಅಲ್ಲ, ಸರಾಸರಿ ಬಗ್ಗೆ.” ಅದನ್ನೇ ಜೋರಾಗಿ ಹೇಳಮ್ಮ ಅಂದೆ. ಮತ್ತೆ ಕಾರ್ಡ್ ಎತ್ತಿಸಿದರೆ ಕೆಂಪು ಜಾಸ್ತಿ.

ಏನಾಯಿತು ಅನ್ನೋದಕ್ಕೆ ಒಂದು ಪ್ಯಾರಾ ಅಷ್ಟೇ. ಮಿಕ್ಕಿದ್ದೆಲ್ಲ ‘ಯಾಕೆ’. ನನ್ನ ಸ್ಲೈಡ್ ಮಾಡದ್ದನ್ನು ಅವಳ ಒಂದು ಮಾತು ಯಾಕೆ ಮಾಡಿತು? ಅವಳು ಡೆಫಿನಿಶನ್ ಹೇಳಲಿಲ್ಲ, ಸ್ಯಾಂಪಲ್ ದೊಡ್ಡದಾದರೆ ಏನಾಗುತ್ತೆ ಅಂತ ಹೇಳಿದಳು. ಈಗಷ್ಟೇ ಕಲಿತವರಿಗೆ ಎಲ್ಲಿ ತೊಡಕಾಯಿತು ಅನ್ನೋದು ಇನ್ನೂ ನೆನಪಿರುತ್ತೆ, ನಮಗೆ ಮರೆತುಹೋಗಿರುತ್ತೆ. ಹಾರ್ವರ್ಡ್‌ನಲ್ಲಿ ಫಿಸಿಕ್ಸ್ ಹೇಳಿಕೊಡುವ ಎರಿಕ್ ಮಜೂರ್ ಇದನ್ನೇ ‘ಪೀರ್ ಇನ್‌ಸ್ಟ್ರಕ್ಷನ್’ ಅಂತ ಒಂದು ಪದ್ಧತಿ ಮಾಡಿದ್ದಾರೆ, ಅವರ ಮಾತನ್ನು ನನ್ನ ಬರಹದಲ್ಲಿ ಇಲ್ಲಿ ಸೇರಿಸಿದೆ. ಕೊನೆಗೆ, ಮುಂದಿನ ವರ್ಷ ಈ ಪ್ರಶ್ನೆ ಮೊದಲು, ಡೆಫಿನಿಶನ್ ಆಮೇಲೆ ಅಂತ ಬದಲಾಯಿಸಿದ್ದನ್ನು ಬರೆದೆ. ನಿಮ್ಮ ಟ್ಯೂಟರ್ ಕೇಳುತ್ತಿರುವ ‘ಅದರಿಂದ’ ಇದೇ.

ಇಂಥ ಬರಹಕ್ಕೆ ಗಿಬ್ಸ್ ಸೈಕಲ್ ಅಂತ ಆರು ಹಂತದ ಚಕ್ರ ಕೊಟ್ಟಿರುತ್ತಾರೆ. ಆರಕ್ಕೂ ಸಮನಾಗಿ ಜಾಗ ಕೊಡಬೇಡಿ. ವಿವರಣೆ, ಭಾವನೆ ಎರಡನ್ನೂ ಬೇಗ ಮುಗಿಸಿ ವಿಶ್ಲೇಷಣೆಗೆ ಬನ್ನಿ.

ಈ ಕೋರ್ಸಿನಲ್ಲಿ ಸುಮ್ನೆ ದೊಡ್ಡ ಪದಗಳೂ ಬಹಳ ಇವೆ. ಲರ್ನಿಂಗ್ ಔಟ್‌ಕಮ್‌ನಲ್ಲಿ (ಕೋರ್ಸ್ ಮುಗಿದಾಗ ವಿದ್ಯಾರ್ಥಿಗೆ ಏನು ಬರಬೇಕು ಅನ್ನೋ ಪಟ್ಟಿ) ‘ಅರ್ಥ ಮಾಡಿಕೊಳ್ಳುತ್ತಾರೆ’ ಅಂತ ಬರೆಯೋ ಹಾಗಿಲ್ಲ, ಅಳೆಯೋಕೆ ಆಗುವ ಕ್ರಿಯಾಪದ ಬೇಕು ಅಂತ ಹಟ. ಆದರೆ ಶಿಕ್ಷಣತಜ್ಞ ಜಾನ್ ಬಿಗ್ಸ್ ಹೇಳಿದ ‘ಕನ್‌ಸ್ಟ್ರಕ್ಟಿವ್ ಅಲೈನ್‌ಮೆಂಟ್’ ಮಾತ್ರ ಬಿಡಬೇಡಿ. ಕಲಿಯಲಿ ಅಂತ ಹೇಳೋದು, ಕ್ಲಾಸಿನಲ್ಲಿ ಮಾಡಿಸೋದು, ಪರೀಕ್ಷೆಯಲ್ಲಿ ಕೇಳೋದು ಮೂರೂ ಒಂದೇ ದಿಕ್ಕಿಗೆ ಇರಬೇಕು ಅನ್ನೋದು ಅದರ ತಿರುಳು. ಡಿಗ್ರಿಯಲ್ಲಿ ನಾವು ಓದಿದ ‘ಯೋಚನೆ ಮಾಡಿ’ ಅನ್ನೋ ಪಾಠಕ್ಕೆ ಪರೀಕ್ಷೆಯಲ್ಲಿ ಬರುತ್ತಿದ್ದದ್ದು ‘ಟಿಪ್ಪಣಿ ಬರೆಯಿರಿ’. ಗೈಡ್ ಪುಸ್ತಕ ಯಾಕೆ ಅಷ್ಟು ಮಾರಾಟ ಆಗುತ್ತಿತ್ತು ಅಂತ ನನಗೆ ಬಿಗ್ಸ್ ಓದಿದ ಮೇಲೆ ಹೊಳೆಯಿತು.

ಕಾಲೇಜು ಮೇಡಂ, ಮೈಸೂರು:

ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ. ಇಲ್ಲಿ ಕೆಲಸಕ್ಕೆ ಪಿಜಿಸರ್ಟ್ ಅಂತ ಯಾವ ಕಾಲಮ್ಮೂ ಇಲ್ಲಮ್ಮ. 2023ರ ಜುಲೈನಿಂದ ಅಸಿಸ್ಟೆಂಟ್ ಪ್ರೊಫೆಸರ್ ನೇರ ನೇಮಕಾತಿಗೆ ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ), ಸೆಟ್ ಅಥವಾ ಸ್ಲೆಟ್ (ರಾಜ್ಯಮಟ್ಟದವು) ಕನಿಷ್ಠ ಅರ್ಹತೆ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾಡಿದೆ. ನಮ್ಮ ಕೆ-ಸೆಟ್ ಮೊದಲು ಮೈಸೂರು ವಿವಿ ನಡೆಸುತ್ತಿತ್ತು, ಈಗ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ). ಇವೆಲ್ಲ ನಮಗೆ ವಿಷಯ ಎಷ್ಟು ಗೊತ್ತು ಅಂತ ನೋಡುವ ಪರೀಕ್ಷೆಗಳು. ಮೊದಲ ಪೇಪರ್‌ನಲ್ಲಿ ಬೋಧನೆ ಬಗ್ಗೆ ಪ್ರಶ್ನೆ ಬರುತ್ತವೆ ನಿಜ, ಆದರೆ ನಾಲ್ಕು ಆಯ್ಕೆಯಲ್ಲಿ ಒಂದು ಗುರುತು ಮಾಡೋದು ಅಷ್ಟೇ, ಕ್ಲಾಸಿಗೆ ಬಂದು ಕೂತು ಯಾರೂ ನೋಡಲ್ಲ.

ಕೆಲಸಕ್ಕೆ ಸೇರಿದ ಮೇಲೆ ಓರಿಯೆಂಟೇಶನ್, ರಿಫ್ರೆಶರ್ ಕೋರ್ಸ್ ಇವೆ. ಈಗ ಮಾಳವೀಯ ಮಿಷನ್ ಅನ್ನೋ ಅಧ್ಯಾಪಕ ತರಬೇತಿ ಯೋಜನೆಯ ಹೆಸರಲ್ಲಿ ನಡೆಯುತ್ತವೆ. ಒಳ್ಳೆಯ ಉಪನ್ಯಾಸ ಕೇಳಿದ್ದೇನೆ, ಇಲ್ಲ ಅನ್ನಲ್ಲ. ಆದರೆ ಹೆಚ್ಚಿನವರು ಬರೋದು ಪ್ರಮೋಶನ್‌ಗೆ ಬೇಕು ಅಂತ. ನಿಮಗೆ ಸಿಗುವ ಹಾಗೆ ಒಬ್ಬರು ಕ್ಲಾಸಿಗೆ ಬಂದು ನೋಡಿ, ಆಮೇಲೆ ಕೂತು ಮಾತಾಡೋದು ನನಗೆ ಇಷ್ಟು ವರ್ಷದಲ್ಲಿ ಸಿಕ್ಕಿಲ್ಲ. ಹೊಟ್ಟೆಕಿಚ್ಚಾಗುತ್ತೆ ಅಂತಲೇ ಇಟ್ಕೊಳ್ಳಿ.

ಮಳೆಗಾಲ:

ಇಂಗ್ಲೆಂಡಿನಲ್ಲೇ ಉಳಿಯೋದಾದರೆ ಬೆಲೆ ಇದೆ. ಅಡ್ವಾನ್ಸ್ ಎಚ್‌ಇ (ಇಲ್ಲಿನ ಉನ್ನತ ಶಿಕ್ಷಣ ಬೋಧನೆಯ ಸಂಸ್ಥೆ) ಮಾನ್ಯತೆ ಇರುವ ಕೋರ್ಸ್ ಆದರೆ ಸಾಮಾನ್ಯವಾಗಿ ಮುಗಿಸಿದಾಗ ಅವರ ಫೆಲೋಶಿಪ್ ಬರುತ್ತೆ, ಹೆಸರಿನ ನಂತರ ಎಫ್‌ಎಚ್‌ಇಎ ಅಂತ ಹಾಕಿಕೊಳ್ಳಬಹುದು. ಲೆಕ್ಚರರ್ ಕೆಲಸದ ಜಾಹೀರಾತುಗಳಲ್ಲಿ ಅದನ್ನು ಕೇಳೋದು ಮಾಮೂಲು. ಅಡ್ವಾನ್ಸ್ ಎಚ್‌ಇಯ ಬೋಧನಾ ಸ್ಟ್ಯಾಂಡರ್ಡ್ಸ್ 2023ರಲ್ಲಿ ಬದಲಾಗಿವೆ. ಸೀನಿಯರ್‌ಗಳು ಕೊಡುವ ಹಳೇ ಮಾದರಿ ಬರಹಗಳು 2011ರ ಸ್ಟ್ಯಾಂಡರ್ಡ್ಸ್‌ನವು, ಸ್ಟ್ಯಾಂಡರ್ಡ್‌ಗಳ ಕೋಡ್ ನಂಬರ್ ನೋಡಿಕೊಂಡು ಹಾಕಿ.

ಅಂಕಿಅಂಶದ ಅಕ್ಕ:

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ನನ್ನ ಕ್ಲಾಸಿನಲ್ಲೂ ಅಂಥದ್ದೊಂದು ಆಗಿದೆ. ಪಿ-ವ್ಯಾಲ್ಯೂ (0.05ಕ್ಕಿಂತ ಕಡಿಮೆ ಬಂದರೆ ಫಲಿತಾಂಶ ಗಣನೀಯ ಅನ್ನೋದು ರೂಢಿ) 0.06 ಬಂದಾಗ ಒಬ್ಬ ಹುಡುಗ, “ಇನ್ನು ಸ್ವಲ್ಪ ಜನರನ್ನು ಸೇರಿಸಿದರೆ 0.05 ಆಗಲ್ವಾ?” ಅಂತ ಕೇಳಿದ. ಎಲ್ಲರೂ ನಕ್ಕರು, ನಾನು ಮುಂದಿನ ಸ್ಲೈಡ್‌ಗೆ ಹೋದೆ. ಅವನ ಮಾತನ್ನು ಹಾಗೇ ಬರೆಯಬಹುದಾ? ಅಬ್ಸರ್ವೇಶನ್‌ಗೆ, ಅಂದರೆ ನನ್ನ ಕ್ಲಾಸಿಗೆ ಬಂದು ಕೂತು ನೋಡೋಕೆ, ಯಾರನ್ನು ಕರೆಯಲಿ?

ಬಯಲುಸೀಮೆ ಮೇಷ್ಟ್ರು:

ಬರೆಯಿರಿ, ಚಿನ್ನದಂಥ ಪ್ರಶ್ನೆ ಅದು. ಫಲಿತಾಂಶ ನೋಡಿಕೊಂಡು ಜನರನ್ನು ಸೇರಿಸುತ್ತಾ ಹೋಗೋದು ಯಾಕೆ ತಪ್ಪು ಅನ್ನೋದಕ್ಕೆ ಒಂದು ಇಡೀ ಕ್ಲಾಸು ಬೇಕು, ಅದನ್ನೇ ‘ಮುಂದೆ ಏನು ಮಾಡುತ್ತೇನೆ’ ಭಾಗಕ್ಕೆ ಹಾಕಿ. ಹೆಸರು ಬೇಡ, ಗುರುತು ಸಿಗುವ ವಿವರ ಬೇಡ, ಅವನನ್ನು ಒಂದು ಮಾತು ಕೇಳಿ. ಅಬ್ಸರ್ವೇಶನ್‌ಗೆ ನಿಮ್ಮ ವಿಭಾಗದವರನ್ನು ಕರೆದರೆ ಫಾರ್ಮುಲಾ ಸರಿ ಇದೆಯಾ ಅಂತ ನೋಡುತ್ತಾ ಕೂರುತ್ತಾರೆ. ಹಿಸ್ಟರಿಯವರನ್ನೋ ನರ್ಸಿಂಗ್‌ನವರನ್ನೋ ಕರೆಯಿರಿ. ಅವರಿಗೆ ಪಾಠ ಎಲ್ಲಿ ತಪ್ಪಿಹೋಯಿತೋ, ನಿಮ್ಮ ಹುಡುಗರಿಗೂ ಹೆಚ್ಚುಕಮ್ಮಿ ಅಲ್ಲೇ ತಪ್ಪಿರುತ್ತೆ.