ಪದ ಬೇಕು: 'ಮೆಡಿಕಲ್ ಕೌಂಟರ್‌ಮೆಷರ್'ಗೆ ಕನ್ನಡದಲ್ಲಿ ಏನನ್ನೋಣ?

ದಾವಣಗೆರೆಯಿಂದ:
ನಮಸ್ಕಾರ. ಫಲಕ ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು, ಅದಕ್ಕೇ ಅವಸರ. ವೈದ್ಯಕೀಯ ವಿದ್ಯಾರ್ಥಿಗಳ ವಸ್ತುಪ್ರದರ್ಶನಕ್ಕೆ ಬರೆಯುತ್ತಿದ್ದೇನೆ. ವಿಷಾನಿಲ, ವಿಕಿರಣದಂಥ ಅವಘಡಗಳಿಗೆ ಬೇಕಾದ ಚಿಕಿತ್ಸೆಯ ಸಂಶೋಧನೆಗೆ ಯಾರು ದುಡ್ಡು ಹಾಕಬೇಕು ಅನ್ನೋದು ವಿಷಯ. ಅವಘಡ ಆಗದಿದ್ದರೆ ಮಾತ್ರೆ ಉಗ್ರಾಣದಲ್ಲೇ ಅವಧಿ ಮೀರುತ್ತದೆ, ಕೊಳ್ಳುವವರಿಲ್ಲ, ಹಾಗಾಗಿ ಕಂಪನಿಗಳು ಮುಂದೆ ಬರಲ್ಲ. ಅಮೆರಿಕ 2004ರ ಬಯೋಶೀಲ್ಡ್ ಕಾಯ್ದೆಯಲ್ಲಿ ಹತ್ತು ವರ್ಷಕ್ಕೆ 560 ಕೋಟಿ ಡಾಲರ್ ಎತ್ತಿಟ್ಟು, ತಯಾರಾದರೆ ನಾವೇ ಕೊಳ್ಳುತ್ತೇವೆ ಎಂದು ಮೊದಲೇ ಮಾತು ಕೊಟ್ಟಿತು. ಇಂಥ ಚಿಕಿತ್ಸೆಗಳಿಗೆಲ್ಲ ಇಂಗ್ಲಿಷಿನಲ್ಲಿ ಒಟ್ಟಾಗಿ ಹೇಳುವ 'ಮೆಡಿಕಲ್ ಕೌಂಟರ್‌ಮೆಷರ್'ಗೆ ಪದ ಬೇಕು. ಇಲ್ಲಿ 'ಫಂಡಿಂಗ್'ಗೆ ಅನುದಾನ ಸರಿಹೋಗುತ್ತಾ?

ಚಿತ್ರದುರ್ಗದಿಂದ:
ಮಾರುಮದ್ದು. ಮುಗಿಯಿತು. ಮದ್ದು ನಮ್ಮದೇ ಪದ. ಹಳಗನ್ನಡದಲ್ಲಿ ಮರ್ದು, ತಮಿಳಿನಲ್ಲಿ ಮರುಂದು, ತುಳುವಿನಲ್ಲಿ ಮರ್ದ್. ಸಂಸ್ಕೃತದ 'ಪ್ರತಿ', 'ಔಷಧ' ಎರಡೂ ಬೇಡ.

ಹರಿಹರದಿಂದ:
ಸರ್, ನಿಮ್ಮೂರಿನ ಕೋಟೆಯಲ್ಲೇ ಮದ್ದು ಬೀಸುವ ಕಲ್ಲುಗಳಿವೆ. ಅಲ್ಲಿ ಬೀಸಿದ್ದು ಸಿಡಿಮದ್ದು. ಇನ್ನು 'ಮದ್ದು ಹಾಕಿದ್ದಾರೆ' ಅಂದರೆ ಊಟದಲ್ಲಿ ಏನೋ ಕಲಸಿದ್ದಾರೆ ಅಂತ. ಔಷಧಿಯ ಪಾಡೂ ಅಷ್ಟೇ. ಹೊಲಕ್ಕೆ ಔಷಧಿ ಹೊಡೆಯುವುದು ಅಂದರೆ ಕೀಟನಾಶಕ. ನಾನು ನರ್ಸ್. 'ಔಷಧಿ ಕುಡಿದಿದ್ದಾನೆ' ಅಂತ ಕರೆತಂದರೆ ನಾವು ಆ ವಿಷಕ್ಕೆ ಕೊಡುವ ಅಟ್ರೋಪಿನ್, ಪ್ಯಾಮ್ ಇಂಜೆಕ್ಷನ್‌ಗೆ ಓಡುತ್ತೇವೆ. ಆರ್ಗನೋಫಾಸ್ಫೇಟ್ ಕೀಟನಾಶಕವೂ ಸರಿನ್‌ನಂಥ ಯುದ್ಧವಿಷವೂ ದೇಹದ ಒಂದೇ ಕಿಣ್ವವನ್ನು ಕಟ್ಟಿಹಾಕುತ್ತವೆ, ಚಿಕಿತ್ಸೆಯ ಮೂಲವೂ ಒಂದೇ, ಹಾಗಾಗಿ ಈ ಸಂಶೋಧನೆ ನಮ್ಮ ರೈತರ ಮನೆಯ ವಿಷಯವೇ.

ಪ್ರತಿವಿಷ ಅಂತಲೂ ಹಾಕಬೇಡಿ, ಎಲ್ಲವೂ ವಿಷ ಮುರಿಯುವ ಔಷಧಗಳಲ್ಲ. ಪ್ರಷ್ಯನ್ ಬ್ಲೂ ಅನ್ನುವ ಔಷಧ ಕರುಳಿನಲ್ಲಿ ವಿಕಿರಣದ ಸೀಸಿಯಂ ಹಿಡಿದು ಮಲದ ಜೊತೆ ಹೊರಗೆ ಹಾಕುತ್ತದೆ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಜನರಿಗೆ ಸೀಸಿಯಂ ತಗುಲಿದಾಗ ಇದನ್ನೇ ಕೊಟ್ಟರು. ಪೊಟ್ಯಾಸಿಯಂ ಅಯೋಡೈಡ್ ಥೈರಾಯ್ಡ್ ಗ್ರಂಥಿಯನ್ನು ಮೊದಲೇ ತುಂಬಿ ವಿಕಿರಣದ ಅಯೋಡಿನ್‌ಗೆ ಜಾಗ ಕೊಡಲ್ಲ. ವಿಕಿರಣ ತಗುಲಿದವರಿಗೆ ಕೊಡಲು 2015ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಫಿಲ್‌ಗ್ರಾಸ್ಟಿಮ್ ವಿಷವನ್ನು ಮುಟ್ಟುವುದೇ ಇಲ್ಲ, ಮೂಳೆಮಜ್ಜೆಯಲ್ಲಿ ಬಿಳಿ ರಕ್ತಕಣ ಹೆಚ್ಚಿಸುತ್ತದೆ. ಎಲ್ಲಕ್ಕೂ ಒಪ್ಪುವಂತೆ 'ತಡೆಚಿಕಿತ್ಸೆ' ಅನ್ನಿ.

ಚಿತ್ರದುರ್ಗದಿಂದ:
ತಡೆಚಿಕಿತ್ಸೆ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದದ್ದು. ಒಪ್ಪಲ್ಲ. ಒಂದೊಂದು ಹೊಸ ಪದಕ್ಕೂ ಸಂಸ್ಕೃತದ ಮುಂದೆ ಕೈಚಾಚಿಯೇ ಕನ್ನಡ ಸೊರಗಿದ್ದು. 'ತುರ್ತು ಮಾರುಮದ್ದು' ಅಂದರೆ ಯಾರಿಗೆ ತಿಳಿಯಲ್ಲ?

ಚಳ್ಳಕೆರೆಯಿಂದ:
ತುರ್ತು ಎಲ್ಲಿಂದ ಬಂತು ಅಂದುಕೊಂಡಿರಿ? ಸಂಸ್ಕೃತದ ತ್ವರಿತ, ಹಿಂದಿಯ ತುರ್ತ್, ಆಮೇಲೆ ನಾವು. 'ಮೇಲಧಿಕಾರಿ' ಅನ್ನುವಾಗ ಯಾರಿಗೂ ಅರಿಸಮಾಸ ನೆನಪಾಗಲ್ಲ. ನನ್ನ ಕೇಳಿದರೆ ವಿಕಿರಣದ ಪಕ್ಕ ರೇಡಿಯೇಷನ್ ಅಂತಲೂ ಬರೆಯಿರಿ. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಗುಜರಿಗೆ ಬಂದ, ವಿಕಿರಣ ಸೂಸುವ ಕೋಬಾಲ್ಟ್-60 ಒಬ್ಬರ ಜೀವ ತೆಗೆಯಿತು. ಗುಜರಿ ಅಂಗಡಿಯವರಿಗೆ ಅರ್ಥವಾಗದ ಪದ ಎಷ್ಟು ಶುದ್ಧವಾಗಿದ್ದರೇನು?

ಚಿತ್ರದುರ್ಗದಿಂದ:
ಹಾಗಾದರೆ ಎಲ್ಲವನ್ನೂ ಇಂಗ್ಲಿಷಿನಲ್ಲೇ ಬರೆಯಿರಿ. ನಾಳೆ ನೀರಿಗೂ ವಾಟರ್ ಅನ್ನಿ. ಎರವಲಿಗೂ ಒಂದು ಮಿತಿ ಬೇಕು.

ದಾವಣಗೆರೆಯಿಂದ:
ತಡೆಚಿಕಿತ್ಸೆ ಹಾಕುತ್ತಿದ್ದೇನೆ, ಪಕ್ಕದಲ್ಲಿ ಔಷಧಗಳ ಹೆಸರೂ ಇರುತ್ತದೆ. ಅನುದಾನದ ಬಗ್ಗೆ ಯಾರೂ ಹೇಳಲಿಲ್ಲ.

ಹರಿಹರದಿಂದ:
ಲ್ಯಾಬಿಗೆ ಕೊಡುವ ಹಣ ಆದರೆ ಅನುದಾನ ಸರಿ. ಬಯೋಶೀಲ್ಡ್‌ಗೆ ಬೇಡ. ಅದು ಕೊಟ್ಟು ಬಿಡುವ ದುಡ್ಡಲ್ಲ, ಮಾಲು ಬಂದ ಮೇಲೆ ಕೊಡುವುದು. 'ಮುಂಚಿತ ಖರೀದಿ ಭರವಸೆ' ಅಂತ ಬರೆಯಿರಿ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಹಾಕಿ. ಔಷಧ ತಯಾರಾಗದೆ ನಿಲ್ಲುವುದು ಜಾಸ್ತಿ ಈ ಎರಡರ ನಡುವೆಯೇ, ಲ್ಯಾಬಿನ ಹಣ ಮುಗಿದು ಖರೀದಿಯ ಹಣ ಇನ್ನೂ ಬರದಿರುವಾಗ.